ಉಡಿ ತುಂಬಿದ ಮನೆಯ ಲೋಟ

ನಿನ್ನೆಯ ಪ್ರವಚನವನ್ನು ಅತಿಥಿಯ ಮಾತಿಗೆ ಬಂದು ನಿಲ್ಲಿಸಿದ್ದೆವು. ಮನೆಗೆ ಬಂದವರನ್ನು ಹೇಗೆ ಕಾಣಬೇಕು ಅನ್ನುವ ಮಾತು. ಎಲ್ಲರೂ ತಲೆ ಅಲ್ಲಾಡಿಸಿದಿರಿ. ನಮ್ಮ ಸೀಮೆಯವರಿಗೆ ಈ ವಿಷಯದಲ್ಲಿ ಬಹಳ ಅಭಿಮಾನ, ಬಂದವರನ್ನು ರೊಟ್ಟಿ ತಿನ್ನಿಸದೆ ಕಳಿಸುವುದಿಲ್ಲ ಅಂತ. ಖರೆ, ಕಳಿಸುವುದಿಲ್ಲ. ಆದರೆ ನಿಮ್ಮ ಮನೆಗೆ ಬೀಗರು ಮಾತ್ರ ಬರುತ್ತಾರೇನು? ನಳ ರಿಪೇರಿಯವನು ಬರುತ್ತಾನೆ, ಬಣ್ಣ ಹೊಡೆಯುವವನು ಬರುತ್ತಾನೆ, ಕರೆಂಟಿನವನು ಬರುತ್ತಾನೆ. ಬೀಗರಾದರೂ ಒಮ್ಮೊಮ್ಮೆ ಕರೆಯದೆ ಬಂದುಬಿಡುತ್ತಾರೆ. ಇವರು ಹಾಗಲ್ಲ, ನೀವು ಕರೆದರೆ ಮಾತ್ರ ಬರುವವರು. ಹಾಗಾದರೆ ಇವರು ಅತಿಥಿಗಳ ಲೆಕ್ಕಕ್ಕೆ ಯಾಕೆ ಇಲ್ಲ? ಇದಕ್ಕೊಂದು ದೃಷ್ಟಾಂತ ಇದೆ, ಕೇಳಿ.

ಒಂದು ಊರು. ಯಾವ ಊರು ಅಂತ ಕೇಳಬೇಡಿ, ಕೇಳಿದರೆ ನಿಮ್ಮ ಊರ ಹೆಸರೇ ಹೇಳಿಬಿಟ್ಟೇನು. ಅಲ್ಲೊಬ್ಬ ಸಾವುಕಾರ. ಮೆಣಸಿನಕಾಯಿ ವ್ಯಾಪಾರ, ಕೈತುಂಬ ಲಾಭ, ಮೈತುಂಬ ಡೌಲು. ಕೆಟ್ಟವನಲ್ಲ ನೋಡಿ. ಮಠಕ್ಕೆ ಅಕ್ಕಿಚೀಲ ಕಳಿಸುವವನು, ಹಬ್ಬಕ್ಕೆ ಆಳುಮಕ್ಕಳಿಗೆ ಬಟ್ಟೆ ಕೊಡಿಸುವವನು. ಅವನ ಹೆಂಡತಿಯೂ ಕೆಟ್ಟವಳಲ್ಲ. ಕೆಟ್ಟವರ ಕಥೆ ಹೇಳಿದರೆ ನೀವೆಲ್ಲ ಆರಾಮವಾಗಿ ಗೋಡೆಗೆ ಒರಗಿ ಕೇಳುತ್ತೀರಿ, ಇದು ನಮ್ಮದಲ್ಲ ಬಿಡು ಅಂತ. ಅದಕ್ಕೇ ಒಳ್ಳೆಯವರ ಕಥೆ ಹೇಳುತ್ತಿದ್ದೇನೆ.

ಸಾವುಕಾರ ಹೊಸ ಮನೆ ಕಟ್ಟಿಸಿದ. ಕಟ್ಟಿದವನು ಒಬ್ಬ ಗೌಂಡಿ. ಗೌಂಡಿ ಇಟ್ಟಿಗೆ ಇಡುತ್ತಿದ್ದ, ಅವನ ಹೆಂಡತಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಸಿಮೆಂಟಿನ ಬುಟ್ಟಿ ಹೊರುತ್ತಿದ್ದಳು. ಸಾವುಕಾರನಿಗೆ ಹೆಸರು ಬೇಡ, ಗೌಂಡಿಗೂ ಬೇಡ. ಆದರೆ ಈ ಹೆಣ್ಣುಮಗಳಿಗೆ ಹೆಸರು ಬೇಕು. ಯಾಕೆಂದರೆ ಪಾಯ ತೋಡಿದ ದಿನದಿಂದ ಬಣ್ಣ ಹೊಡೆಯುವ ದಿನದವರೆಗೂ ಆ ಮನೆಯಲ್ಲಿ ಯಾರೂ ಅವಳ ಹೆಸರು ಕೇಳಲಿಲ್ಲ. ಅವಳ ಹೆಸರು ಫಕೀರವ್ವ.

ಫಕೀರವ್ವನಿಗೆ ತಂದೆ ಇಲ್ಲ, ತಾಯಿ ಇಲ್ಲ, ಒಡಹುಟ್ಟಿದವರು ಇಲ್ಲ. ಸೋದರತ್ತೆಯ ಮನೆಯಲ್ಲಿ ಮುಸುರೆ ತಿಕ್ಕಿ ಬೆಳೆದವಳು. ಆ ಅತ್ತೆಯೂ ಹೋದಳು. ತಾಯಂದಿರೇ, ನಮ್ಮ ಕಡೆ ಪಂಚಮಿ ಹಬ್ಬ ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕೇ? ಅಣ್ಣ ಕರೆಯಲು ಬರುತ್ತಾನೆ. ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು ತವರಿಗೆ ಹೊರಡುತ್ತಾರೆ. ಓಣಿಗೆ ಓಣಿಯೇ ಖಾಲಿ. ಆ ಖಾಲಿ ಓಣಿಯಲ್ಲಿ ಫಕೀರವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದಳು. ಗಂಡ ನಗಿಸಲು ನೋಡುತ್ತಿದ್ದ. "ನಿಮ್ಮಣ್ಣಗ ಬಸ್ ತಪ್ಪಿರಬೇಕ ತಗೋ," ಅನ್ನುತ್ತಿದ್ದ. ಅವಳು ನಗುತ್ತಿದ್ದಳು. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆ ಊರಲ್ಲಿ ಒಂದು ರೂಢಿ. ಹೊಸ ಮನೆ ಹೊಗುವ ದಿನ ಕಟ್ಟಿದವರಿಗೆ ಮೊದಲ ಮರ್ಯಾದೆ. ಸಾವುಕಾರ ಬಿಡುತ್ತಾನೆಯೇ? ಊರೆಲ್ಲ ನೋಡುವ ಹಾಗೆ ಪೆಂಡಾಲಿನ ನಡುವೆ ಗೌಂಡಿಯನ್ನು ಮಣೆಯ ಮೇಲೆ ಕೂರಿಸಿ ಧೋತರ, ರುಮಾಲು ಕೊಟ್ಟು ಆಯೇರಿ ಮಾಡಿದ. ಸಾವುಕಾರನ ಹೆಂಡತಿ "ಗೌಂಡಿ ಹೆಂಡ್ತಿ ಎಲ್ಲಿ, ಕರೀರಿ ಆಕೀನ್ನ," ಅಂದಳು. ಫಕೀರವ್ವ ಸೆರಗು ಹೊದ್ದು ಬಂದು ಕೂತಳು. ಸೀರೆ ಕೊಟ್ಟರು, ಕುಪ್ಪಸದ ಕಣ ಕೊಟ್ಟರು, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಹಾಕಿ ಉಡಿ ತುಂಬಿದರು. ತುಂಬುತ್ತಾ ಸಾವುಕಾರ್ತಿ ಅಂದಳು: "ಇನ್ನ ಈ ಮನಿ ನಿನಗ ತವರಮನಿ ಇದ್ದಂಗ ನೋಡವಾ." ಪಕ್ಕದಲ್ಲಿ ನಿಂತ ಸಾವುಕಾರ ದೊಡ್ಡದಾಗಿ ನಕ್ಕು "ಹೌದ ಮತ್ತ, ಇನ್ನ ನಮ್ಮ ತಂಗೀನ," ಅಂದ.

ನೋಡಿ, ಇದು ನಾವೆಲ್ಲ ಆಡುವ ಮಾತು. ಉಡಿ ತುಂಬುವಾಗ ಬಾಯಿಗೆ ಬರುತ್ತದೆ, ಆಡುತ್ತೇವೆ, ಮುಂದಿನವರನ್ನು ಕರೆಯುತ್ತೇವೆ. ಮಜ್ಜಿಗೆ ಬಡಿಸಿದಷ್ಟು ಸಲೀಸು. ಆದರೆ ಕೇಳಿದವಳು ಯಾರು? ತವರು ಇಲ್ಲದವಳು. ಅವಳು ಆ ಮಾತನ್ನು ಅಕ್ಕಿಯ ಜೊತೆಗೇ ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಹೋದಳು.

ಅವತ್ತಿನಿಂದ ಫಕೀರವ್ವನ ನಡಿಗೆಯೇ ಬೇರೆ. ಸಂತೆಗೆ ಹೋಗುವ ಹತ್ತಿರದ ದಾರಿ ಬಿಟ್ಟು ಸಾವುಕಾರನ ಮನೆಯ ಮುಂದಿನ ದಾರಿ ಹಿಡಿದಳು. ಜೊತೆಯವರಿಗೆ ಕೈಮಾಡಿ ತೋರಿಸುವಳು: "ಆ ಮ್ಯಾಲಿನ ಗ್ವಾಡಿಗೆ ಬಳದ ಗಿಲಾವು ನಂದ. ನಮ್ಮ ತವರ ಅದು." ಓಣಿಯ ಹೆಂಗಸರು ಸುಮ್ಮನಿರುತ್ತಾರೇನು? "ಸಾವಕಾರ್ರ ತಂಗಿ ಬಂದ್ಲು, ಸರೀರಿ, ದಾರಿ ಬಿಡ್ರಿ," ಅಂತ ಕಾಡಿಸಿದರು. "ಅಣ್ಣ ಮೋಟಾರ ತರ್ತಾನೋ ಇಲ್ಲಾ ಮೆಣಸಿನಕಾಯಿ ಲಾರಿ ತರ್ತಾನೋ," ಅಂದರು. ಅವಳಿಗೆ ಸಿಟ್ಟು ಬರಲಿಲ್ಲ. ತವರು ಇದ್ದವರನ್ನು ತಾನೇ ಕಾಡಿಸುವುದು, ಇಲ್ಲದವರನ್ನು ಯಾರು ಕಾಡಿಸುತ್ತಾರೆ? ಅವಳಿಗೆ ಅದೂ ಒಂದು ಸುಖ.

ಮಳೆಗಾಲ ಬಂತು. ಹೊಸ ಮನೆ, ಮೊದಲ ಮಳೆ, ಮಾಳಿಗೆಯ ಮೂಲೆಯಿಂದ ನೀರು ಇಳಿಯಿತು. ಯಾರ ತಪ್ಪು ಅಂತ ಕೇಳಬೇಡಿ, ಅದಕ್ಕೆ ಬೇರೆ ಪ್ರವಚನ ಬೇಕಾಗುತ್ತದೆ. ಗೌಂಡಿಗೆ ಕರೆ ಹೋಯಿತು. ಪಂಚಮಿ ಹತ್ತಿರ ಬಂದಿತ್ತು. ಫಕೀರವ್ವ ಮುಂಜಾನೆಯೇ ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ಒಂದು ಡಬ್ಬಿಯಲ್ಲಿ ಉಂಡಿ ತುಂಬಿಕೊಂಡಳು. ಗಂಡ ಕೇಳಿದ: "ಸಿಮಿಟ್ ಹೊರಾಕ ಹೊಂಟೀಯೋ, ಲಗ್ನಕ್ಕ ಹೊಂಟೀಯೋ?" ಅವಳೆಂದಳು: "ತವರಿಗೆ ಬರಿಗೈಲೆ ಹೋಗಬಾರದು."

ಹೋದವಳು ಎಲ್ಲಿಗೆ ಹೋದಳು? ಮುಂಬಾಗಿಲಿಗೆ. ತವರಿಗೆ ಹೋಗುವ ಮಗಳು ಹಿತ್ತಲಿಂದ ಹೋಗುತ್ತಾಳೇನು? ಹೊಸ್ತಿಲಿನ ಮೇಲೆ ಕಾಲಿಡುವಷ್ಟರಲ್ಲಿ ಸಾವುಕಾರ್ತಿ ಒಳಗಿಂದ ಕೈ ಬೀಸಿದಳು. "ಏ, ಏ, ಈ ಕಡೆ ಬ್ಯಾಡ. ಹಿತ್ತಲದಿಂದ ಬರ್ರಿ, ಈಗರ ಒರಸೈತಿ." ಫಕೀರವ್ವ ಕಾಲು ಹಿಂದಕ್ಕೆ ತೆಗೆದಳು. ಮನಸ್ಸಿನಲ್ಲೇ ಅಂದುಕೊಂಡಳು: ಹೌದಲ್ಲ, ಕಾಲಿಗೆ ರಾಡಿ ಐತಿ, ಒರೆಸಿದ ನೆಲ, ಯಾರಾದರೂ ಹಂಗ ಅಂತಾರ. ಮಗಳು ತವರಿನ ತಪ್ಪು ಮುಚ್ಚುವ ರೀತಿ ಇದು. ನಿಮಗೆ ಗೊತ್ತಿರುವುದೇ.

ಹಿತ್ತಲಲ್ಲಿ ನಳದ ಪಕ್ಕದ ಹೊರಗೋಡೆಯಲ್ಲಿ ಒಂದು ಗೂಡು ಇತ್ತು. ಮನೆ ಕಟ್ಟುವಾಗ ಸಾವುಕಾರನೇ ಅಲ್ಲೊಂದು ಗೂಡು ಬಿಡು ಅಂದಿದ್ದ. ಯಾತಕ್ಕೆ ಅಂತ ಗೌಂಡಿ ಕೇಳಿರಲಿಲ್ಲ. ದೀಪ ಇಡಲಿಕ್ಕೆ ಇರಬೇಕು ಅಂದುಕೊಂಡು ಅದಕ್ಕೆ ಕಮಾನು ಎತ್ತಿ ಚೆಂದಗಾಣಿಸಿದ್ದ. ಫಕೀರವ್ವ ಒಳಮೈಯನ್ನು ಅಂಗೈಯಿಂದಲೇ ತೀಡಿ ನುಣುಪು ಮಾಡಿದ್ದಳು. ದೀಪಕ್ಕೆ ಗಾಳಿ ತಾಗಬಾರದು ಅಂತ ಸ್ವಲ್ಪ ಆಳವಾಗಿಯೂ ಮಾಡಿದ್ದರು, ಪಾಪ.

ಮಾಳಿಗೆಯ ಮೇಲೆ ಕೆಲಸ ಅರ್ಧ ಆಯಿತು. ಚಹಾದ ಹೊತ್ತಿಗೆ ಸಾವುಕಾರ್ತಿ ಅಡುಗೆಮನೆಯ ಹಿಂಬಾಗಿಲಿಗೆ ಕೆಟಲಿ ಹಿಡಿದು ಬಂದಳು. "ಬರ್ರಿ, ಚಾ ಕುಡೀರಿ. ಅಲ್ಲಿ ಗೂಡಿನ್ಯಾಗ ನಿಮ್ಮ ಲೋಟ ಅದಾವ, ತೊಳ್ಕೊಂಡ ಹಿಡೀರಿ."

ಫಕೀರವ್ವ ಗೂಡಿನ ಕಡೆ ನೋಡಿದಳು. ನೆಗ್ಗಿದ ಲೋಟಗಳು, ಪಕ್ಕದಲ್ಲಿ ಪಾಯಿಖಾನೆ ತಿಕ್ಕುವ ಬ್ರಷು. ಓಹೋ, ಇದಕ್ಕಾ ಈ ಗೂಡು.

ಯಾಕಪ್ಪಾ ಬೇರೆ ಲೋಟ? ಧೂಳು ಅನ್ನುತ್ತೀರಿ. ಸಿಮೆಂಟಿನ ಕೈ ಅನ್ನುತ್ತೀರಿ. ಸಾವುಕಾರನ ಕೈಗೆ ಮೆಣಸಿನಕಾಯಿ ಘಾಟು ಇರುತ್ತದಲ್ಲ, ಅವನಿಗೆ ಯಾಕೆ ಬೇರೆ ಲೋಟ ಇಲ್ಲ? ಕಾರಣ ಧೂಳಲ್ಲ. ಕಾರಣ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಆ ಗೂಡಿಗೂ ಗೊತ್ತು.

ಗೌಂಡಿ ಲೋಟ ತೊಳೆದು ಹಿಡಿದ. ಅವನಿಗೆ ಇದು ದಿನದ ಸಂಗತಿ. ಫಕೀರವ್ವನಿಗೂ ಹೊಸದೇನಲ್ಲ, ಊರ ತುಂಬ ಹೀಗೇ ಕುಡಿದವಳು. ಆದರೆ ಬೇರೆ ಮನೆಯವರು ಯಾರೂ ಅವಳ ಉಡಿ ತುಂಬಿರಲಿಲ್ಲ. ಅವಳು ಲೋಟ ಮುಟ್ಟಲಿಲ್ಲ. ಅಳು ಬಂತು, ನುಂಗಿದಳು. ನೆಟ್ಟಗೆ ನಿಂತು ಕೇಳಿದಳು:

"ಅಕ್ಕಾರ, ಉಡಿ ತುಂಬಿದ ಕೈನೂ ಇದ, ಈ ಲೋಟ ಗೂಡಿನ್ಯಾಗ ಇಟ್ಟ ಕೈನೂ ಇದ. ಎರಡರಾಗ ನಿಮ್ಮ ಕೈ ಯಾವುದ್ರಿ?"

ಸಾವುಕಾರ್ತಿಗೆ ತಬ್ಬಿಬ್ಬು. "ಅದೇನವಾ ಹಂಗ ಅಂತಿ, ಎಲ್ಲಾರ ಮನ್ಯಾಗೂ ಹಂಗ ಇರತೈತಿ," ಅಂದಳು. ಮಾತು ಕೇಳಿ ಸಾವುಕಾರ ಹೊರಗೆ ಬಂದ. ವಿಷಯ ತಿಳಿದದ್ದೇ ಮುಖ ಕೆಂಪಾಯಿತು. "ಊರ ಮುಂದ ಮಣಿ ಹಾಕಿ ಆಯೇರಿ ಮಾಡೀನಿ. ಇನ್ನೂ ಏನ ಬೇಕ ನಿಮಗ?"

"ಮಾಡೀರಿ, ಇಲ್ಲ ಅನ್ನಂಗಿಲ್ಲ," ಅಂದಳು ಫಕೀರವ್ವ. "ಅವತ್ತ ಊರ ನಿಂತಿತ್ತು. ಇವತ್ತ ಊರ ಇಲ್ಲ, ನಾ ಒಬ್ಬಾಕಿ ಅದೀನಿ. ಈಗ ಮಾಡೂದೈತಲ್ರಿ, ಅದ ಮರ್ಯಾದಿ."

ಗೌಂಡಿ ಚಹಾ ಚೆಲ್ಲಿದ, ಗಾರೆ ಮೆತ್ತುವ ಕರಣಿ ಎತ್ತಿಕೊಂಡ. "ನಡಿ, ಹೋಗೂಣು." ಆಗ ಫಕೀರವ್ವ ಏನಂದಳು ಗೊತ್ತೇ? "ಎಲ್ಲಿಗೆ? ಮ್ಯಾಲೆ ಅರ್ಧಾ ಬಿಟ್ಟ ಬಂದೀವಿ, ಮಳಿ ಬಂದ್ರ ಒಳಗೆಲ್ಲಾ ನೀರು. ಅವರ ಲೋಟ ಅವರ ಹಂತ್ಯಾಕ ಇರ್ಲಿ. ಗ್ವಾಡಿ ನಮ್ಮದೈತಿ." ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಒಂದು ಹನಿ ಇಳಿಯದ ಹಾಗೆ ಕೆಲಸ ಮುಗಿಸಿದರು. ನಡುವೆ ನೀರು ಸಹ ಕೇಳಲಿಲ್ಲ.

ಇದಕ್ಕೆ ಅಭಿಮಾನ ಅನ್ನುತ್ತಾರೆ. ಸಾವುಕಾರನಿಗೂ ಇತ್ತಲ್ಲ ಎದೆ ಉಬ್ಬಿಸುವುದು, ಅದು ಡೌಲು. ನಾಲ್ಕು ಜನ ನೋಡದಿದ್ದರೆ ಡೌಲು ಮಲಗಿಬಿಡುತ್ತದೆ. ಅಭಿಮಾನ ಹಾಗಲ್ಲ, ಯಾರೂ ನೋಡದ ಮಾಳಿಗೆಯ ಮೂಲೆಯಲ್ಲೂ ಅದು ಗಿಲಾವು ಸರಿಯಾಗಿ ಮಾಡುತ್ತದೆ.

ಹೊರಡುವಾಗ ಅವಳು ಉಂಡಿಯ ಡಬ್ಬಿಯನ್ನು ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟಳು. "ತವರಿಗಂತ ತಂದಿದ್ದೆ. ಬಂದದ್ದು ಕೆಲಸದ ಮನಿಗೆ ಅಂತ ಈಗ ತಿಳೀತು. ಇರ್ಲಿ, ತಿನ್ರಿ. ತಂದದ್ದು ತಿರಗಿ ಒಯ್ಯಬಾರದು."

ಮನೆಗೆ ಹೋಗಿ ಅತ್ತಳು. ಮನಸೋಕ್ತ ಅತ್ತಳು. ಗಂಡ ಈ ಸಲ ಬಸ್ಸಿನ ಮಾತು ಆಡಲಿಲ್ಲ.

ಇನ್ನು ಆ ಮನೆಯಲ್ಲಿ ಏನಾಯಿತು ಅನ್ನುವುದು ಫಕೀರವ್ವನಿಗೆ ಆಮೇಲೆ ಸಾವುಕಾರ್ತಿಯ ಬಾಯಿಂದಲೇ ತಿಳಿಯಿತು. ಹಬ್ಬದ ಹಿಂದಿನ ದಿನ ಸಾವುಕಾರ್ತಿಯ ಅಣ್ಣ ಅವಳನ್ನು ಕರೆಯಲು ಬಂದ. ಅವಳು ಸೀರೆ ಉಟ್ಟು ತಯಾರಾದಳು. ಅಡುಗೆಮನೆಯಲ್ಲಿ ಆ ಡಬ್ಬಿ ಕಣ್ಣಿಗೆ ಬಿತ್ತು. ಕಾಲು ಮುಂದೆ ಹೋಗಲಿಲ್ಲ. ಗಂಡನನ್ನು ಕರೆದು ಕೇಳಿದಳು: "ನಮ್ಮಣ್ಣ ಬಂದಾನ. ಆಕಿ ಅಣ್ಣ ಎಲ್ಲಿ ಹೋಗ್ಯಾನ?"

"ಯಾರ ಅಣ್ಣ?"

"ಗೌಂಡಿ ಹೆಂಡ್ತಿ ಅಣ್ಣ. ಉಡಿ ತುಂಬಿದಾಕಿ ನಾನು. ತಂಗಿ ಅಂದಾವ್ರು ನೀವು."

ಸಾವುಕಾರ ಗುಡುಗಿದ, ಹಾರಾಡಿದ. ಅವಳು ಅಣ್ಣನ ಜೊತೆ ಹೊರಡಲೇ ಇಲ್ಲ, ಹೊಸ್ತಿಲ ಹತ್ತಿರ ಕೂತುಬಿಟ್ಟಳು. ಹೆಂಡತಿ ಹೊಸ್ತಿಲ ಹತ್ತಿರ ಕೂತರೆ ಯಾವ ಸಾವುಕಾರ ಎಷ್ಟು ಹೊತ್ತು ಹಾರಾಡುತ್ತಾನೆ? ಮೋಟಾರು ಹೊರಗೆ ತೆಗೆದ.

ಓಣಿ ಸಣ್ಣದು, ಮೋಟಾರು ಒಳಗೆ ಹೋಗಲಿಲ್ಲ. ಇಳಿದು ನಡೆದ. ತವರಿಗೆ ಇನ್ನೂ ಹೊರಡದೆ ನಳದ ಹತ್ತಿರ ನಿಂತಿದ್ದ ಹೆಂಗಸರನ್ನು ಕೇಳಿದ: "ಗೌಂಡಿ ಮನಿ ಯಾವುದು?" ಅವರೆಂದರು: "ಇದ ಗೌಂಡ್ಯಾರ ಓಣೀನ್ರಿ. ಯಾವ ಗೌಂಡಿ? ಹೆಂಡ್ತಿ ಹೆಸರೇನ?" ಸಾವುಕಾರ ಬಾಯಿ ತೆರೆದ, ಮುಚ್ಚಿದ. ತಂಗಿಯನ್ನು ಪಂಚಮಿಗೆ ಕರೆಯಲು ಬಂದಿದ್ದಾನೆ, ತಂಗಿಯ ಹೆಸರು ಗೊತ್ತಿಲ್ಲ. ನೀವು ನಗುತ್ತೀರಿ. ನಗಿ, ನಗಿ. ನಿಮ್ಮ ಮನೆ ಕಟ್ಟಿದವರ ಹೆಸರು ಹೇಳಿ ನೋಡೋಣ.

ಕೊನೆಗೆ ಹೆಂಗಸರೇ ಅವನನ್ನು ಗುರುತು ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ಮನೆ ತೋರಿಸಿದರು. ಫಕೀರವ್ವ ಅವನನ್ನು ನೋಡಿದಳು. ಏನು ಮಾಡಿದಳು? ಕಂಬಳಿ ಹಾಸಿದಳು. ಕೈಕಾಲಿಗೆ ನೀರು ಕೊಟ್ಟಳು. ತಾನು ಕುಡಿಯುವ ಕಪ್-ಬಸಿಯಲ್ಲೇ ಚಹಾ ಕೊಟ್ಟಳು. ಅವನು ಕುಡಿದ. ಮನೆಗೆ ಬಂದವರನ್ನು ಹೇಗೆ ಕಾಣಬೇಕು ಅಂತ ಅವಳಿಗೆ ಯಾವ ಸ್ವಾಮಿಯೂ ಪ್ರವಚನ ಹೇಳಿರಲಿಲ್ಲ.

ಚಹಾ ಮುಗಿಸಿ ಸಾವುಕಾರ ಅಂದ: "ಆ ಗೂಡು ಮುಚ್ಚಿಸಿಬಿಡ್ತೀನಿ ತಂಗಿ. ಆತಿಲ್ಲೋ? ನಡಿ, ಪಂಚಮಿಗೆ ಕರಿಯಾಕ ಬಂದೀನಿ."

ಯೋಚನೆ ಮಾಡಿ. ಜೀವಮಾನವಿಡೀ ಯಾವ ಮಾತಿಗೆ ಕಾದಿದ್ದಳೋ ಅದೇ ಮಾತು, ಅವಳದೇ ಬಾಗಿಲಲ್ಲಿ, ಓಣಿಯೆಲ್ಲ ಕಿವಿಗೊಟ್ಟು ನಿಂತಿರುವಾಗ. ಎದ್ದು ಸೀರೆ ಬದಲಿಸಿ ಹೊರಟರಾಯಿತು. ಅವಳಿಗೆ ಆಸೆ ಇರಲಿಲ್ಲವೇ? ಬೆಟ್ಟದಷ್ಟಿತ್ತು. ಕೈ ಜೋಡಿಸಿ ಅಂದಳು:

"ಅಣ್ಣಾರ, ಗೂಡು ಮುಚ್ಚಿದ್ರ ಲೋಟ ಇನ್ನೊಂದ ಕಡೆ ಇಡ್ತೀರಿ. ನನ್ನೊಬ್ಬಾಕಿನ್ನ ತಂಗಿ ಮಾಡ್ಕೊಂಡ ಒಳಗ ಕರದ್ರ ನಾ ಹೆಂಗ ಬರ್ಲಿ? ಹೊರಗ ನಿಂತ ಕುಡ್ಯಾವ್ರು ನನ್ನ ಮಂದೀನ. ನಾಳೆ ನಿಮ್ಮ ಮನಿಗೆ ನಳದಾವ ಬರ್ತಾನ, ಬಣ್ಣದಾವ ಬರ್ತಾನ. ಅವರನ್ನ ಅಣ್ಣ ತಮ್ಮ ಅನ್ನೂದೇನೂ ಬ್ಯಾಡ, ಆಯೇರಿ ಬ್ಯಾಡ. ಹೆಸರ ಕೇಳ್ರಿ. ಒಳಗ ಕುಂದ್ರಸ್ರಿ. ನೀವು ಕುಡಿಯೂ ಲೋಟದಾಗ ನೀರ ಕೊಡ್ರಿ. ಅವತ್ತ ನಾನಾಗೇ ಬರ್ತೀನಿ. ನನ್ನ ಹೆಸರು ಫಕೀರವ್ವ."

ಸಾವುಕಾರ ಒಬ್ಬನೇ ಮೋಟಾರಿಗೆ ವಾಪಸ್ಸು ನಡೆದ. ಪಂಚಮಿ ಬಂತು, ಹೋಯಿತು. ಫಕೀರವ್ವ ಖಾಲಿ ಓಣಿಯ ಕಟ್ಟೆಯ ಮೇಲೆ ಕೂತಿದ್ದಳು. ದುಃಖ ಇತ್ತು, ಇಲ್ಲ ಅಂದರೆ ಸುಳ್ಳಾದೀತು. ಆದರೆ ತಲೆ ಬಗ್ಗಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಸಾವುಕಾರನ ಮನೆಯ ನಳ ಕೆಟ್ಟಿತು. ನಳದವನು ಒದ್ದೆ ಕಾಲಲ್ಲಿ ಹಿತ್ತಲಿಗೆ ಬಂದು ನಿಂತ. ಸಾವುಕಾರ ಹೊರಗೆ ಬಂದು ಬಹಳ ಕಷ್ಟಪಟ್ಟು ಕೇಳಿದ: "ನಿನ್ನ... ನಿಮ್ಮ ಹೆಸರೇನ?" ಅವನು ಗಾಬರಿಯಾದ. ಒಳಗೆ ಕರೆದು ಕುರ್ಚಿ ಹಾಕಿದರೆ ಕೂರಲೊಲ್ಲ. "ಸಾವಕಾರ್ರ, ನಾ ಏನರ ತಪ್ಪ ಮಾಡೀನೇನ್ರಿ?" ಅಂದ. ನೋಡಿ, ಮರ್ಯಾದೆ ಕೊಟ್ಟರೆ ಪೊಲೀಸರು ಕೂರಿಸಿದಷ್ಟು ಹೆದರಿಕೆ. ಅಷ್ಟು ಅಪರೂಪ ಮಾಡಿಟ್ಟಿದ್ದೇವೆ ನಾವು. ಕೊನೆಗೆ ಕುರ್ಚಿಯ ತುದಿಯಲ್ಲಿ ಕೂತು, ಮನೆಯವರ ಲೋಟದಲ್ಲೇ ನೀರು ಕುಡಿದ. ಕೆಲಸ ಮುಗಿದ ಮೇಲೆ ಅವನು ಎಂದೂ ಮಾಡದ ಒಂದು ಕೆಲಸ ಮಾಡಿದ. ಒಂದು ಅರಿವೆ ಬೇಡಿ, ತಾನು ರಾಡಿ ಮಾಡಿದ ನೆಲವನ್ನು ತಾನೇ ಒರೆಸಿದ.

ಅವನು ಚಹಾದ ಅಂಗಡಿಯಲ್ಲಿ ಇದನ್ನು ಹೇಳದೆ ಬಿಡುತ್ತಾನೆಯೇ? ಸುದ್ದಿ ಗೌಂಡಿಗಳ ಓಣಿ ಮುಟ್ಟಿತು. ಮರುದಿನ ಮುಂಜಾನೆ ಫಕೀರವ್ವ ಉಡಿ ತುಂಬಿದ ಸೀರೆ ಉಟ್ಟು ಹೊರಟಳು. ಹಬ್ಬ ಇರಲಿಲ್ಲ, ಕರೆಯಲು ಯಾರೂ ಬಂದಿರಲಿಲ್ಲ. ಮುಂಬಾಗಿಲಿಗೇ ಹೋದಳು. ಒಳಗಿಂದ ದನಿ ಬಂತು: "ಬಾರವಾ ಫಕೀರವ್ವ, ಬಾ ಒಳಗ."

ಆಯಿತು, ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ನಾಳೆ ನಿಮ್ಮ ಮನೆಗೆ ಯಾರು ಬರುತ್ತಾರೆ? ಏ ನಳದಾವ, ಏ ಕರೆಂಟಿನಾವ ಅನ್ನಬೇಡಿ. ಅವನ ತಾಯಿ ಹೆಸರಿಟ್ಟಿದ್ದಾಳೆ, ಅದನ್ನು ಕೇಳಿ. ಬಿಸಿಲಲ್ಲಿ ಬಂದಿದ್ದರೆ ಮೊದಲು ನೀರು, ಆಮೇಲೆ ಕೆಲಸದ ಮಾತು. ಮನೆಗೆ ಹೋಗಿ ನಿಮ್ಮ ಹಿತ್ತಲ ಗೂಡು, ಕಿಟಕಿಯ ಕಟ್ಟೆ, ಮೆಟ್ಟಿಲ ಕೆಳಗೆ ನೋಡಿ. ಅಲ್ಲೊಂದು ಲೋಟ ಇದೆ. ಇಲ್ಲ ಅನ್ನಬೇಡಿ, ಇದೆ. ಅದನ್ನು ಬಿಸಾಡಬೇಡಿ, ತೊಳೆದು ಒಳಗೆ ತಂದು ನಿಮ್ಮ ಲೋಟಗಳ ಸಾಲಿನಲ್ಲಿಡಿ, ನಾಳೆಯ ಚಹಾ ನೀವು ಅದರಲ್ಲಿ ಕುಡಿಯಿರಿ. ನಿಮ್ಮ ಮನೆಯಲ್ಲಿ ಐದು ಪಾಯಿಖಾನೆ ಕಟ್ಟಿಕೊಟ್ಟವನನ್ನು ಬಯಲಿಗೆ ಕಳಿಸಬೇಡಿ, ಅದರಲ್ಲೂ ಹೆಣ್ಣುಮಕ್ಕಳನ್ನು. ಕೆಲಸ ಮಾಡುವವರೇ, ನೀವೂ ನಗಬೇಡಿ. ಬರುತ್ತೇನೆ ಅಂದ ದಿನ ಬನ್ನಿ, ಬರಲಾಗದಿದ್ದರೆ ಫೋನು ಮಾಡಿ ಹೇಳಿ. ಕೇಳದೆ ಒಳಕೋಣೆಗೆ ನುಗ್ಗಬೇಡಿ. ಅವರ ಮನೆಯನ್ನು ನಿಮ್ಮ ಕೈಯಿಂದ ಆದದ್ದು ಅಂತ ಎದೆ ಉಬ್ಬಿಸಿ ನೋಡುವ ಹಾಗೆ ಕೆಲಸ ಮಾಡಿ. ಆ ಎದೆಯನ್ನು ಯಾರೂ ಬಗ್ಗಿಸಲಾರರು.

ಕೊನೆಯದು ಒಂದಿದೆ. ನಮ್ಮ ಈ ಮಠದ ದಾಸೋಹದ ಮನೆಯ ನೆಲಕ್ಕೆ ಹೊಸ ಫರಸಿ ಹಾಕುವವರು ಇದ್ದಾರಲ್ಲ, ಅವರು ಕೆಲಸ ಮುಗಿಸಿ ಆಗಿನಿಂದ ಆ ಹಿಂದಿನ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದಾರೆ. ಒಳಗೆ ಚಾಪೆ ಇದೆ, ಜಾಗ ಇಲ್ಲ, ಯಾಕೆಂದರೆ ನೀವೆಲ್ಲ ಅಗಲವಾಗಿ ಕೂತಿದ್ದೀರಿ. ಪ್ರಸಾದಕ್ಕೆ ಎಲೆ ಹಾಕುವ ಹೊತ್ತಾಯಿತು. ಅವರ ಹೆಸರು ಕೇಳಿ ಒಳಗೆ ಕರೆಯಿರಿ, ಮತ್ತು ಎಲ್ಲರೂ ಸ್ವಲ್ಪ ಸರಿದು ಕೂತುಕೊಳ್ಳಿ.